ರೆಕ್ಕೆಯ ಈಚೆ, ಆಚೆ

ಕಳೆದ ವಾರ ಒಂಬತ್ತನೇ ತರಗತಿಯಲ್ಲಿ ಒಂದು ಉಗುರುಬಣ್ಣದ ಶೀಶೆ ಜಪ್ತಿ ಮಾಡಿದೆ. ನಾನು ಬೋರ್ಡಿನ ಮೇಲೆ ಸಂಧಿ ಬಿಡಿಸುತ್ತಿದ್ದರೆ ಹಿಂದಿನ ಬೆಂಚಿನ ಹುಡುಗಿಯರು ಶಾಲೆಯ ವಾರ್ಷಿಕ ಸಮ್ಮೇಳನದ ನೃತ್ಯಕ್ಕೆಂದು ಮೇಜಿನ ಕೆಳಗೆ ಕೈ ಚಾಚಿಕೊಂಡು ಬಳಿದುಕೊಳ್ಳುತ್ತಿದ್ದರು. ಬೈದು, ಶೀಶೆ ಕಸಿದುಕೊಂಡು, ಜಂಬದಿಂದ ಶಿಕ್ಷಕರ ಕೋಣೆಗೆ ಬಂದೆ. ಮುಚ್ಚಳ ಸಡಿಲವಾಗಿತ್ತು. ಬಿಗಿ ಮಾಡೋಣವೆಂದು ತೆಗೆದೆ ನೋಡಿ, ಆ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿದ್ದ ಗಣಿತದ ಟೀಚರು “ಏನಾಯ್ತು, ತಲೆ ತಿರುಗಿತಾ?” ಎಂದರು. ಇಲ್ಲ ಎಂದೆ. ಮತ್ತೊಮ್ಮೆ ಮೂಸಿದೆ. ಐವತ್ತು ದಾಟಿದ ಕನ್ನಡ ಟೀಚರು ಕಿಟಕಿಯ ಹತ್ತಿರ ನಿಂತು ಉಗುರುಬಣ್ಣ ಮೂಸುವುದನ್ನು ಕಂಡು ಅವರು ಏನೆಂದುಕೊಂಡರೋ. ನನಗೆ ಮಾತ್ರ ಅಪ್ಪ ಬೇಕೆನಿಸಿತು. ಹೆತ್ತ ಆಯಿ ಬೇಕೆನಿಸಿತು. ಮೂವತ್ತು ವರ್ಷ ಹಿಂದಿನ ಒಂದು ಮಳೆಗಾಲ ಪೂರ್ತಿಯಾಗಿ, ಇದ್ದ ಹಾಗೇ ಬೇಕೆನಿಸಿತು.

ಅದು ವಿಮಾನದ ವಾಸನೆ. ಬಟ್ಟೆಯ ವಿಮಾನದ್ದು.

ಹೀಗೆ ಹೇಳಿದರೆ ನನ್ನ ವಿದ್ಯಾರ್ಥಿಗಳು ನಗುತ್ತಾರೆ. ಕಾರವಾರದ ಮಕ್ಕಳಿಗೆ ಯುದ್ಧದ ವಿಮಾನವೆಂದರೆ ಕಡಲತೀರದಲ್ಲಿ ನಿಲ್ಲಿಸಿದ ಆ ಲೋಹದ ಭಾರೀ ವಿಮಾನ. ಅಪ್ಪನ ವಿಮಾನಗಳು ಅದರ ಚಕ್ರದ ಪಕ್ಕ ನಿಲ್ಲಿಸಿದರೂ ಕಾಣದಷ್ಟು ಸಣ್ಣವು. ಇಬ್ಬರು ಮೂವರು ಕೂರುವಷ್ಟು ಜಾಗ, ಕೊಳವೆಯ ಹಂದರ, ಅದರ ಮೇಲೆ ಬಿಗಿದ ಬಟ್ಟೆ. ಬಂದೂಕಿಲ್ಲ, ಬಾಂಬಿಲ್ಲ. ಯುದ್ಧ ನಡೆಯುವಾಗ ಗಡಿಯ ಮೇಲೆ ತೀರಾ ಕೆಳಗೆ, ತೀರಾ ನಿಧಾನವಾಗಿ ಸುತ್ತುವುದು, ನಮ್ಮ ಫಿರಂಗಿಯ ಗುಂಡು ಎಲ್ಲಿ ಬೀಳುತ್ತಿದೆ ಎಂದು ನೋಡಿ ವೈರ್‌ಲೆಸ್ಸಿನಲ್ಲಿ ತಿಳಿಸುವುದು. ಮಿಕ್ಕ ಹೊತ್ತಿನಲ್ಲಿ ಕಾಗದಪತ್ರ, ಔಷಧಿ, ಗಾಯಗೊಂಡವರನ್ನು ಹೊತ್ತು ಒಂದು ಠಾಣೆಯಿಂದ ಇನ್ನೊಂದಕ್ಕೆ ಓಡಾಡುವುದು. ಹೊಲವಾದರೂ ಸರಿ, ರಸ್ತೆಯಾದರೂ ಸರಿ, ಇಳಿದುಬಿಡುತ್ತಿದ್ದವಂತೆ. ಹೆಸರು ‘ಕೃಷಕ್’. “ಹೆಸ್ರು ಒಕ್ಕಲಿಗಂದು, ಕೆಲ್ಸ ಬೇಹುಗಾರಂದು, ಮೈ ಮಾತ್ರ ನಮ್ಮ ದೋಣಿ ಹಾಯಿದು” ಎಂದು ಅಪ್ಪ ನಗುತ್ತಿದ್ದ.

ಗುಂಡು ಬಿದ್ದರೆ ಬಟ್ಟೆ ತೂತಾಗುತ್ತಿತ್ತು, ಅಷ್ಟೇ. ತೇಪೆ ಹಾಕಿ ‘ಡೋಪ್’ ಎಂಬ ಬಣ್ಣ ಬಳಿದರೆ ಬಟ್ಟೆ ಎಳೆದುಕೊಂಡು ಚೆಂಡೆಯ ಚರ್ಮದಷ್ಟು ಬಿಗಿಯಾಗುತ್ತಿತ್ತು. ಉಗುರುಬಣ್ಣದ್ದೇ ವಾಸನೆ ಅದಕ್ಕೆ. ಬೆಳಂಬಾರದ ಮೀನುಗಾರರ ಮನೆಯಿಂದ ಸೇನೆಗೆ ಹೋದ ಅಪ್ಪ ಈ ಬಟ್ಟೆ ಕೆಲಸಕ್ಕೆ ಬಿದ್ದದ್ದು ಒಂದು ಗಂಟಿನಿಂದ. ರೆಕ್ಕೆಯ ಬಟ್ಟೆಯನ್ನು ಒಳಗಿನ ಪಕ್ಕೆಲುಬುಗಳಿಗೆ ಬಿಗಿಯುವ ಗಂಟೂ ನಾವು ಬಲೆಯ ಕಣ್ಣಿಗೆ ಹಾಕುವ ಗಂಟೂ ಹೆಚ್ಚುಕಮ್ಮಿ ಒಂದೇ. ಉಳಿದವರು ವಾರಗಟ್ಟಲೆ ತಿಣುಕಾಡಿದ್ದನ್ನು ಅಪ್ಪ ಮೊದಲ ದಿನವೇ ಹಾಕಿ ತೋರಿಸಿದನಂತೆ. ಮುಂದೆ ಎರಡು ದಶಕ ಅವನು ಅದನ್ನೇ ಮಾಡಿದ.

ನಾನು ಹೇಳಹೊರಟ ಮಳೆಗಾಲದಲ್ಲಿ ಅಪ್ಪ ನಿವೃತ್ತನಾಗಿ ಊರಿಗೆ ಬಂದು ಕೆಲವು ವರ್ಷಗಳಾಗಿದ್ದವು. ನಾನು ಬಿ.ಎ. ಮುಗಿಸಿ ಬಿ.ಎಡ್. ಸೀಟಿಗೆ ಕಾಯುತ್ತಾ ಮನೆಯಲ್ಲಿದ್ದೆ. ಮನೆಯಲ್ಲಿ ಮೂರೇ ಜನ. ಆದರೆ ಮಾತಾಡುತ್ತಿದ್ದುದು ಮಾತ್ರ ಎರಡೆರಡೇ ಜನ. ಅಪ್ಪ ಮತ್ತು ನಾನು. ಆಯಿ ಮತ್ತು ನಾನು. ಆಯಿ ಅಪ್ಪನ ಹತ್ತಿರ ನೇರವಾಗಿ ಮಾತಾಡುತ್ತಿರಲಿಲ್ಲ.

ಜಗಳವೇನಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಬಿಸಿನೀರು, ಒಗೆದ ಪಂಚೆ ಎಲ್ಲ ಇತ್ತು. ಮಾತು ಮಾತ್ರ ನನ್ನ ಮೇಲಿಂದ ದಾಟಿ ಹೋಗಬೇಕು. “ಗಂಜಿ ತಣ್ಣಗಾತದೆ ಅಂತ ಹೇಳೆ” ಎನ್ನುತ್ತಿದ್ದಳು, ಅಪ್ಪ ಎರಡು ಮಾರು ದೂರದಲ್ಲೇ ಕೂತಿರುತ್ತಿದ್ದ. ನಾನಿಲ್ಲದಿದ್ದರೆ ಬೆಕ್ಕಿಗೆ ಹೇಳುತ್ತಿದ್ದಳು. ಬೆಕ್ಕೂ ಇಲ್ಲದಿದ್ದರೆ ಗೋಡೆಗೆ. ಸಣ್ಣವಳಿದ್ದಾಗ ಎಲ್ಲರ ಮನೆಯಲ್ಲೂ ಹೀಗೇ ಎಂದುಕೊಂಡಿದ್ದೆ. ಗೆಳತಿಯ ಮನೆಯಲ್ಲಿ ಅವಳ ಆಯಿ ಗಂಡನಿಗೆ ಮುಖಾಮುಖಿ “ಕೊಡೆ ತಕಂಡು ಹೋಗಿ” ಎಂದದ್ದನ್ನು ಕೇಳಿ ನಾಚಿಕೆಯಾಗಿ ಓಡಿಬಂದಿದ್ದೆ.

ಕಾರಣ ಊರಿಗೆಲ್ಲ ಗೊತ್ತಿತ್ತು. ನಾನು ಹುಟ್ಟುವ ಮುಂಚೆ ನನಗೊಬ್ಬ ಅಣ್ಣ ಇದ್ದ. ಮಂಜು. ಎಪ್ಪತ್ತೊಂದರ ಯುದ್ಧ ನಡೆಯುವಾಗ, ಅಪ್ಪ ಪಂಜಾಬಿನ ಗಡಿಯಲ್ಲಿದ್ದಾಗ, ಎರಡೂವರೆ ವರ್ಷದ ಮಂಜುವಿನ ಮೈಮೇಲೆ ಅಮ್ಮ ಬಂದಳು. ನಮ್ಮ ಕಡೆ ಸಿಡುಬಿನ ಹೆಸರನ್ನು ಬಾಯಲ್ಲಿ ಹೇಳುತ್ತಿರಲಿಲ್ಲ, ಹೇಳಿದರೆ ಸಿಟ್ಟು ಹೆಚ್ಚುತ್ತದೆಂದು. ಅಮ್ಮ ಬಂದಳು ಎನ್ನುವುದು, ಬೇವಿನ ಸೊಪ್ಪು ಕಟ್ಟುವುದು, ಕಾಯುವುದು. ಆಯಿ ತಂತಿ ಕಳಿಸಿದ್ದಳು. ಅಪ್ಪ ಬರಲಿಲ್ಲ. ಮಂಜು ಹೋದ ಮೇಲೆ ಇನ್ನೊಂದು ತಂತಿ ಹೋಯಿತು, ಆಗ ಬಂದ. ಅಂಗಳಕ್ಕೆ ಬಂದ ಗಂಡನನ್ನು ನೋಡಿ ಆಯಿ ಗೋಡೆಯ ಕಡೆ ತಿರುಗಿ ಕೂತಳು. ಏನೂ ಕೇಳಲಿಲ್ಲ, ಅವನೂ ಏನೂ ಹೇಳಲಿಲ್ಲ. ಅದೇ ಶುರು. ಎರಡು ವರ್ಷದ ಮೇಲೆ ನಾನು ಹುಟ್ಟಿದೆ, ಅಂದಮೇಲೆ ಸಂಸಾರ ನಡೆದಿತ್ತು. ಮಾತು ಮಾತ್ರ ನಿಂತಿತ್ತು. “ಅಮ್ಮ ಬಂದವ್ಳೆ ಬೇಗ ಬನ್ನಿ ಅಂತ ಬರ್ಸಿದ್ದೆ. ವಿಮಾನ ಹೊಲೀತಾ ಕೂತ್ರು” ಎಂದು ಆಯಿ ಅಕ್ಕಪಕ್ಕದವರಿಗೆ ಹೇಳುವಾಗ ಅಪ್ಪ ಜಗಲಿಯಲ್ಲೇ ಇರುತ್ತಿದ್ದ. ತಲೆ ತಗ್ಗಿಸಿ ಬಲೆ ನೋಡುತ್ತಿದ್ದ.

ಆ ವರ್ಷ ಜೂನಿನಲ್ಲಿ, ದೋಣಿಗಳೆಲ್ಲ ದಂಡೆಗೆ ಏರಿ ತೆಂಗಿನ ಗರಿ ಹೊದ್ದು ಮಲಗಿದ ಮೇಲೆ, ಕಾರವಾರದ ಒಂದು ಕಾಲೇಜಿನ ನಾಯಕ ಮಾಸ್ತರು ನಮ್ಮ ಮನೆ ಹುಡುಕಿಕೊಂಡು ಬಂದರು. ಕಾಲೇಜಿನಲ್ಲಿ ಕವಾಯತು ಕಲಿಸುವವರು. ಅವರಿಗೆ ಎಲ್ಲಿಂದಲೋ ಒಂದು ಹಳೆಯ ಕೃಷಕ್ ಸಿಕ್ಕಿತ್ತು. ಹಾರುವುದಿಲ್ಲ, ಅಂಗಳದಲ್ಲಿ ನಿಲ್ಲಿಸಿ ಹುಡುಗರಿಗೆ ತೋರಿಸಲಿಕ್ಕೆ. ಬಲರೆಕ್ಕೆ ಚೆನ್ನಾಗಿತ್ತು, ಎಡರೆಕ್ಕೆಯ ಬಟ್ಟೆ ಲಡ್ಡಾಗಿತ್ತು. ಪೇಟೆಯ ದರ್ಜಿಯಿಂದ ಹೊಲಿಸಿ ತೊಡಿಸಿ ನೋಡಿದ್ದರು.

“ತಲೆದಿಂಬಿನ ಚೀಲದ ಹಾಂಗೆ ಊದ್ಕಂಡು ಕೂತದೆ ಕಾಕಾ,” ಎಂದರು ಮಾಸ್ತರು. “ಆಗಸ್ಟ್ ಹದಿನೈದಕ್ಕೆ ಎಲ್ರೂ ಬತ್ತಾರೆ. ನನ್ನ ಮರ್ಯಾದೆ ಉಳ್ಸಿ.”

ಅಪ್ಪ ಕೈ ಮುಂದೆ ಚಾಚಿ ತೋರಿಸಿದ. ಬೆರಳುಗಳು ನಡುಗುತ್ತಿದ್ದವು. ನರದ ತೊಂದರೆ ಶುರುವಾಗಿ ವರ್ಷವಾಗಿತ್ತು. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ. “ಸೂಜಿ ದೂಡ್ಲಕ್ಕು, ಗಂಟು ಹಾಕೂಕಾಗುದಿಲ್ಲ” ಎಂದ. ಆಮೇಲೆ ನನ್ನ ಕಡೆ ನೋಡಿದ. ಆ ನೋಟಕ್ಕೆ ಇಲ್ಲ ಎನ್ನಲು ನನ್ನಿಂದಾಗಲಿಲ್ಲ. ಇಷ್ಟು ವರ್ಷ ಬಲೆ ಮುಟ್ಟದೆ, ಕೈಗೆ ಮೀನಿನ ವಾಸನೆ ತಾಗದ ಹಾಗೆ ಓದಿದವಳು, ಕೊನೆಗೆ ಬಲೆಗಂಟಿಗೇ ಸಿಕ್ಕಿಬಿದ್ದೆ.

ಬೆಳಂಬಾರದಿಂದ ಅಂಕೋಲೆಗೆ ಒಂದು ಬಸ್ಸು, ಅಲ್ಲಿಂದ ಕಾರವಾರಕ್ಕೆ ಇನ್ನೊಂದು. ಆವರ್ಸೆ, ಹಟ್ಟಿಕೇರಿ ದಾಟುವಾಗ ಕಿಟಕಿಯ ತಾಡಪತ್ರಿ ಪಟಪಟ ಬಡಿದು ಮಳೆ ಒಳಗೇ ಬರುತ್ತಿತ್ತು. ಹಟ್ಟಿಕೇರಿ ಹಳ್ಳ ಕೆಂಪಗೆ ತುಂಬಿ ಸೇತುವೆಯ ಕಾಲಿಗೆ ಉಜ್ಜುತ್ತಿತ್ತು. ಅಪ್ಪ ಮಾತ್ರ ಶಾಲೆಗೆ ಹೊರಟ ಹುಡುಗನಷ್ಟು ಖುಷಿಯಲ್ಲಿ ನೆಟ್ಟಗೆ ಕೂತಿರುತ್ತಿದ್ದ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು.

ಕಾಲೇಜಿನ ಹಿಂದೆ ತಗಡಿನ ಮಾಡಿನ ಒಂದು ಉಗ್ರಾಣ. ರೆಕ್ಕೆಯನ್ನು ಕಳಚಿ, ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ, ಎರಡೂ ಕಡೆ ಮರದ ಆನಿಕೆ ಕೊಟ್ಟಿದ್ದರು. ಉಗ್ರಾಣದ ನಡುವೆ ಬಟ್ಟೆಯ ಗೋಡೆ ಎದ್ದಂತಾಗಿತ್ತು. ಈ ಹೊಲಿಗೆಯ ರೀತಿಯೇ ಹಾಗೆ. ಒಬ್ಬರು ಈಚೆ, ಒಬ್ಬರು ಆಚೆ ಕೂರಬೇಕು. ಮೊಳದುದ್ದದ ಸೂಜಿಯನ್ನು ಈಚೆಯವರು ಪಕ್ಕೆಲುಬಿನ ಪಕ್ಕಕ್ಕೆ ಚುಚ್ಚಿ ದೂಡಿದರೆ ಆಚೆಯವರು ಹಿಡಿದೆಳೆದು, ಪಕ್ಕೆಲುಬು ಬಳಸಿ ವಾಪಸು ದೂಡಬೇಕು. ಈಚೆಯವರು ಗಂಟು ಹಾಕಬೇಕು. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ. ಹಾಗಾಗಿ ಒಂದೊಂದು ಸಲಕ್ಕೂ ಬಾಯಿಬಿಟ್ಟು ಹೇಳಲೇಬೇಕು. “ಬಂತಾ?” “ಬಂತು.” “ಎಳಿ.” ಹೇಳದಿದ್ದರೆ ಸೂಜಿ ಬೆರಳಿಗೆ.

ನಾನು ಈಚೆ, ಅಪ್ಪ ಆಚೆ. ಮೊದಲ ಪಕ್ಕೆಲುಬಿಗೆ ನಾಲ್ಕು ದಿನ ಹಿಡಿಯಿತು. ನಾನು ಹಾಕಿದ ಗಂಟು ಅಪ್ಪ ಆಚೆಯಿಂದ ಮೆಲ್ಲಗೆ ಜಗ್ಗಿದರೂ ಜಾರುತ್ತಿತ್ತು. ಅಪ್ಪ ಬೈಯುತ್ತಿರಲಿಲ್ಲ. “ಮತ್ತೊಂದು ಸಲ ತಂಗಿ” ಎನ್ನುತ್ತಿದ್ದ, ನಮ್ಮ ಕಡೆ ಮಗಳನ್ನು ಕರೆಯುವ ಹಾಗೆ. ಆ ಮತ್ತೊಂದು ಸಲ ಕೇಳಿ ಕೇಳಿ ನನಗೆ ಅಳುವೇ ಬರುತ್ತಿತ್ತು.

ಹೊಲಿಗೆಗಳ ನಡುವಿನ ಅಂತರ ಮರೆತುಹೋಗಿದೆ, ಹಳೆಯ ನೋಟುಬುಕ್ಕಿನಲ್ಲಿದೆ ಎಂದು ಒಂದು ದಿನ ಅಪ್ಪ ನನ್ನ ಕೈಲಿ ತಗಡಿನ ಪೆಟ್ಟಿಗೆ ತೆಗೆಸಿದ. ಆಯಿ ಒಣಮೀನು ತೆಗೆದುಕೊಂಡು ಅಂಕೋಲೆ ಪೇಟೆಗೆ ಹೋಗಿದ್ದಳು. ನೋಟುಬುಕ್ಕಿನ ಹಾಳೆಗಳ ನಡುವೆ ಮಡಿಸಿಟ್ಟ ಒಂದು ತಂತಿ ಕಾಗದ ಇತ್ತು. ಬಿಡಿಸಿ ಓದಿದೆ. ಇಂಗ್ಲಿಷಿನಲ್ಲಿ ನಾಲ್ಕೇ ಪದ. ಮದರ್ ಕೇಮ್. ಕಮ್ ಸೂನ್.

“ಇದ್ಯಾವ ಮದರಪ್ಪ?” ಎಂದು ನಾನು ನಕ್ಕೆ. ಅಪ್ಪನ ಮುಖ ನೋಡಿ ನಗು ನಿಂತಿತು.

“ಬಾಗ್ಲು ಹಾಕು,” ಎಂದ. ಆಮೇಲೆ ಹೇಳಿದ. “ನಿನ್ನ ಆಯಿಗೆ ಬರೂಕೆ ಬತ್ತಿರ್ಲಿಲ್ಲ. ತಂತಿ ಆಫೀಸಿಗೆ ಹೋಗಿ ‘ಅಮ್ಮ ಬಂದವ್ಳೆ, ಬೇಗ ಬನ್ನಿ’ ಅಂದ್ಳು. ಬರ್ಕಳ್ಳುವವ ಹೊಸಬ, ಘಟ್ಟದ ಮೇಲಿನವ, ಅವ್ನ ಕಡೆ ಅಮ್ಮ ಅಂದ್ರೆ ಹೆತ್ತವ್ಳು. ಅವಳು ಹೇಳಿದ್ದನ್ನೇ ಇಂಗ್ಲಿಷ್ ಮಾಡಿದ. ಅವಂದೂ ತಪ್ಪಿಲ್ಲ.”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನಮ್ಮ ಮನೆಯಲ್ಲಿ ಹೆತ್ತವಳಿಗೆ ಆಯಿ ಎನ್ನುವುದು. ಅಮ್ಮ ಎಂದರೆ ಒಬ್ಬಳೇ, ಮೈಮೇಲೆ ಏಳುವವಳು. ಅಮ್ಮ ಎಂಬ ಪದ ಅಮ್ಮ ಎಂದೇ ಹೋಗಿದ್ದರೆ ಅಪ್ಪ ಓದಿದ ಕೂಡಲೇ ನಡುಗುತ್ತಿದ್ದ. ಅದು ಅಂಕೋಲೆಯಲ್ಲಿ ಮದರ್ ಆಯಿತು, ಪಂಜಾಬಿನಲ್ಲಿ ಅಪ್ಪನ ತಲೆಯೊಳಗೆ ಆಯಿ ಆಯಿತು.

“ನಾ ಅದ್ನ ಓದಿ ಖುಷಿಪಟ್ಟೆ ತಂಗಿ,” ಎಂದ ಅಪ್ಪ.

ಅವನ ಹೆತ್ತವಳು, ನನ್ನ ಅಜ್ಜಿ, ಸೊಸೆಯ ಮೇಲೆ ಮುನಿದು ದೊಡ್ಡ ಮಗನ ಮನೆ ಸೇರಿದ್ದಳು. ಈ ಹೊಸಿಲು ತುಳಿಯುವುದಿಲ್ಲ ಎಂದು ಆಣೆ ಹಾಕಿದ್ದಳು. ಆ ಆಯಿ ಬಂದಿದ್ದಾಳೆ, ರಾಜಿಯಾಗಿದೆ, ಅದಕ್ಕೇ ಹೆಂಡತಿ ಬೇಗ ಬನ್ನಿ ಎಂದಿದ್ದಾಳೆ ಎಂದುಕೊಂಡ. ಜೊತೆಯವರಿಗೆಲ್ಲ ಜಿಲೇಬಿ ತರಿಸಿ ಹಂಚಿದನಂತೆ. ಅದೇ ದಿನ ಒಂದು ವಿಮಾನ ಮುಳ್ಳಿನ ಹೊಲದಲ್ಲಿ ಇಳಿದು ರೆಕ್ಕೆ ಹರಿದುಕೊಂಡಿತ್ತು. ಆ ಹೊಲಿಗೆ ಬಲ್ಲವರು ಬೇರೆ ಯಾರೂ ಇರಲಿಲ್ಲ. ಇದನ್ನು ಮುಗಿಸಿ ರಜೆ ಕೇಳಿದರಾಯಿತು ಎಂದು ಕೂತ. ಮೂರನೇ ದಿನ ರೆಕ್ಕೆ ಮುಗಿಯಿತು, ವಿಮಾನ ಹಾರಿತು, ಎರಡನೇ ತಂತಿ ಬಂತು.

“ಮಗೂಗೆ ಹೀಂಗೆ ಅಂತ ಗೊತ್ತಾಗಿದ್ರೆ ಸಾಹೇಬ್ರು ಬೇರೆ ವಿಮಾನದಲ್ಲಿ ಕೂರ್ಸ್ಕಂಡು ಹೋಗಿ ರೈಲಿಗೆ ಬಿಡ್ತಿದ್ರು. ಒಳ್ಳೆವ್ರು ಅವ್ರು.” ಅಪ್ಪ ಆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡ.

“ಇದ್ನ ಆಯಿಗೆ ಯಾಕೆ ತೋರ್ಸ್ಲಿಲ್ಲ? ನಿಂದೇನು ತಪ್ಪು ಅದೆ ಇದ್ರಲ್ಲಿ?” ನನಗೆ ಸಿಟ್ಟೇ ಬಂದಿತ್ತು. ಇಷ್ಟು ವರ್ಷ ಬೆಕ್ಕಿನ ಹಾಗೆ ನಡುವೆ ಕೂತು ಅವರ ಮಾತು ದಾಟಿಸಿದವಳು ನಾನಲ್ಲವೇ.

“ತೋರ್ಸಿ? ‘ನೀ ಹೇಳಿದ ಮಾತಿಂದ ಹೀಂಗಾಯ್ತು’ ಅನ್ಲಾ? ಮಗು ಹೋಗ್ಯದೆ. ಮೇಲಿಂದ ಇದ್ನೂ ಹೊರ್ಸ್ಲಾ ಅವ್ಳ ತಲೆ ಮೇಲೆ?” ಅಪ್ಪ ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿದ. “ನನ್ನ ಮೇಲಿನ ಸಿಟ್ಟಲ್ಲಿ ಅವ್ಳು ನಿಂತವ್ಳೆ. ಅದ್ನ ಕಿತ್ಕಂಡ್ರೆ ಬಿದ್ದು ಹೋಗ್ತಾಳೆ.”

ತಂತಿ ಬರಲೇ ಇಲ್ಲ ಎಂದು ಹೇಳಿಬಿಡಬಹುದಿತ್ತಲ್ಲ ಎಂದೆ. ಅಪ್ಪ ನಕ್ಕ. “ಅವ್ಳ ಎದ್ರು ನಿಂತು ಸುಳ್ಳು ಹೇಳೂಕೆ ನನ್ನಿಂದಾತದಾ? ನನ್ನ ಮೋರೆ ನೋಡಿದ್ರೆ ಸಾಕು, ಗೊತ್ತಾತದೆ ಅವ್ಳಿಗೆ.” ಅದು ನಿಜವಾಗಿತ್ತು. ಅಪ್ಪನ ಮುಖ ಏನನ್ನೂ ಬಚ್ಚಿಡಲಾರದ ಮುಖ. ಆಯಿಗೆ ಹೇಳುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡ. ಕೊಟ್ಟೆ. ಕೊಟ್ಟ ಮೇಲೆ ನಮ್ಮ ಮನೆಯಲ್ಲಿರುವುದು ಇನ್ನೂ ಕಷ್ಟವಾಯಿತು. ಆಯಿ “ಹೇಳೆ” ಎಂದಾಗಲೆಲ್ಲ ಆ ನಾಲ್ಕು ಪದ ನಾಲಿಗೆಯ ತುದಿಗೆ ಬರುತ್ತಿದ್ದವು.

ನಾನು ಅಡುಗೆಮನೆಯ ಕಿಟಕಿಯ ಸರಳುಗಳಿಗೆ ದಾರ ಕಟ್ಟಿ ಗಂಟು ಅಭ್ಯಾಸ ಮಾಡುತ್ತಿದ್ದೆ. ಆಯಿ ನಾಲ್ಕು ದಿನ ನೋಡಿಯೂ ನೋಡದ ಹಾಗಿದ್ದಳು. ಐದನೇ ದಿನ ತಡೆಯಲಾಗಲಿಲ್ಲ. “ಇದ್ ಗಂಟಾ? ಬಂಗಡೆ ಇದ್ನ ನೋಡಿ ನಗ್ಯಾಡ್ತದೆ” ಎಂದು ದಾರ ಕಸಿದುಕೊಂಡು, ಮಾತು ಮುಗಿಸುವಷ್ಟರಲ್ಲಿ ಸರಳಿನುದ್ದಕ್ಕೂ ಎಂಟು ಗಂಟು ಹಾಕಿದಳು. ಎಷ್ಟು ಜಗ್ಗಿದರೂ ಒಂದೂ ಅಲುಗಲಿಲ್ಲ. ಮರುದಿನ ನಾವು ಹೊರಡುವಾಗ ಒಳ್ಳೆಯ ಸೀರೆ ಉಟ್ಟು, ತಲೆಗೆ ಅಬ್ಬಲಿ ಹೂ ಮುಡಿದು ಜಗಲಿಯಲ್ಲಿ ನಿಂತಿದ್ದಳು.

“ನಾನೂ ಬತ್ತೆ ಅಂತ ಹೇಳು,” ಎಂದಳು ನನಗೆ.

ಪಕ್ಕದ ಮನೆಯ ದೇವಕಿಬಾಯಿ ಬೇಲಿಯಾಚೆಯಿಂದ ಕೂಗಿದಳು. “ಏನೆ, ಸವತಿ ನೋಡೂಕೆ ಹೊರ್ಟ್ಯಾ?”

“ಹೌದೆ. ಎಷ್ಟು ಚಂದ ಅವ್ಳೆ ನೋಡ್ಕಂಡು ಬತ್ತೆ.”

ಉಗ್ರಾಣದಲ್ಲಿ ಆಯಿ ವಿಮಾನದ ಸುತ್ತ ಒಂದು ಸುತ್ತು ಬಂದಳು. ಮೂಗಿನ ಮೇಲೆ ಸೆರಗು ಹಿಡಿದುಕೊಂಡು, ಬೆರಳಿನಿಂದ ಬಾಲದ ಬಟ್ಟೆ ತಟ್ಟಿ ನೋಡಿದಳು. “ಇಷ್ಟೇನಾ?” ಎಂದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ನಿರಾಸೆ ಹೆಚ್ಚಿತ್ತು. ಇಷ್ಟು ವರ್ಷ ದ್ವೇಷಿಸಿದ್ದು ಇನ್ನಷ್ಟು ದೊಡ್ಡದಿರಬೇಕಿತ್ತು ಎಂದು ಅವಳಿಗೆ ಅನಿಸಿರಬೇಕು. ನನ್ನನ್ನು ಎಬ್ಬಿಸಿ ನನ್ನ ಜಾಗದಲ್ಲಿ ಕೂತಳು. ನಾನು ರೆಕ್ಕೆಯ ತುದಿಯಲ್ಲಿ ಆನಿಕೆ ಹಿಡಿದು ನಿಂತೆ. ಅಲ್ಲಿಂದ ಈಚೆ ಆಯಿ, ಆಚೆ ಅಪ್ಪ, ಇಬ್ಬರೂ ಕಾಣುತ್ತಿದ್ದರು.

“ದೂಡ್ದೆ ಅಂತ ಹೇಳೆ,” ಎಂದಳು ಆಯಿ.

“ಅಪ್ಪ, ದೂಡಿದ್ಲಂತೆ.”

“ಬಂತು ಅನ್ನು,” ಎಂದ ಅಪ್ಪ.

“ಆಯಿ, ಬಂತಂತೆ.”

ತಗಡಿನ ಮೇಲೆ ಮಳೆ ಹುಯ್ಯುತ್ತಿತ್ತು. ನಾನು ಕಿರುಚಿ ಕಿರುಚಿ ಮಧ್ಯಾಹ್ನದ ಹೊತ್ತಿಗೆ ದನಿ ಕಳೆದುಕೊಂಡೆ. ನಾಯಕ ಮಾಸ್ತರು ಬಾಗಿಲಲ್ಲಿ ನಿಂತು ನೋಡಿ, ಏನೋ ಕೇಳಲು ಹೋಗಿ, ಬೇಡವೆಂದು ವಾಪಸಾದರು. ಆಮೇಲೆ ಒಮ್ಮೆ ನಾನು “ತಡಿ” ಎಂದದ್ದು ಅಪ್ಪನಿಗೆ “ದೂಡು” ಎಂದು ಕೇಳಿತೋ ಏನೋ, ಅಥವಾ ನನ್ನ ಗಂಟಲಿಂದ ಮಾತೇ ಹೊರಡಲಿಲ್ಲವೋ, ಆಯಿ ಹಿಂದಿನ ಗಂಟನ್ನು ಒತ್ತಿ ನೋಡುತ್ತಿರುವಾಗಲೇ ಆಚೆಯಿಂದ ಸೂಜಿ ನುಗ್ಗಿ ಅವಳ ಹೆಬ್ಬೆರಳಿಗೆ ಚುಚ್ಚಿತು.

“ಅಯ್ಯಯ್ಯೋ! ಕಣ್ಣು ಕುರ್ಡಾಗದ್ಯಾ ನಿಮ್ಗೆ!”

ರೆಕ್ಕೆಯ ಎರಡೂ ಬದಿಯಲ್ಲಿ ಎಲ್ಲ ನಿಂತುಹೋಯಿತು. ಆಯಿ ಬೆರಳು ಬಾಯಲ್ಲಿಟ್ಟುಕೊಂಡು ಕೂತಳು. ಅವಳಿಗೇ ಗೊತ್ತಾಗಿರಲಿಲ್ಲ, ಎರಡು ದಶಕ ದಾಟಿದ ಮೇಲೆ ಗಂಡನಿಗೆ ನೇರವಾಗಿ ಮಾತಾಡಿದ್ದಾಳೆ ಎಂದು. ಆಚೆ ಅಪ್ಪ ಸೂಜಿಯ ತುದಿ ಹಿಡಿದುಕೊಂಡು ಬಾಯಿ ತೆರೆದು ನನ್ನನ್ನು ನೋಡುತ್ತಿದ್ದ. ಬೈಸಿಕೊಂಡ ಖುಷಿಯನ್ನು ನಾನು ಯಾರ ಮುಖದಲ್ಲಾದರೂ ನೋಡಿದ್ದರೆ ಅದು ಅವತ್ತು, ಅಪ್ಪನ ಮುಖದಲ್ಲಿ.

“ಬಟ್ಟೆ ಅಡ್ಡ ಅದ್ಯಲ್ಲೆ,” ಎಂದ, ಬಹಳ ಮೆಲ್ಲಗೆ. “ನೀ ಹೇಳಿದ್ರೆ ಗೊತ್ತಾತದೆ.”

ಆಯಿ ಸೆರಗಿಗೆ ಬೆರಳು ಒರೆಸಿಕೊಂಡಳು. ಆಮೇಲೆ “ಹೂಂ. ಈಗ ದೂಡಿ” ಎಂದಳು.

ನಾನು ಚಹಾ ತರುತ್ತೇನೆಂದು ಹೊರಗೆ ಹೋಗಿ, ಕಾಲೇಜಿನ ಹೊರಜಗಲಿಯಲ್ಲಿ ನಿಂತು ಚೆನ್ನಾಗಿ ಅತ್ತೆ.

ಅಲ್ಲಿಂದ ಮುಂದಿನ ಮೂರು ವಾರ ನನ್ನ ಬದುಕಿನ ಅತ್ಯಂತ ಸುಖದ ಮೂರು ವಾರ ಎಂದರೆ ನನ್ನನ್ನು ಮದುವೆಯಾದವರು ಬೇಜಾರು ಮಾಡಿಕೊಳ್ಳಬಾರದು. ದಿನಾ ಮೂವರೂ ಬಸ್ಸಿನಲ್ಲಿ ಹೋಗುವುದು, ಡಬ್ಬಿಯಲ್ಲಿ ಗಂಜಿ, ಸುಟ್ಟ ಒಣಸಿಗಡಿ, ಉಪ್ಪಿನಕಾಯಿ. ಬಸ್ಸಿನಲ್ಲಿ, ಮನೆಯಲ್ಲಿ ಆಯಿ ಇನ್ನೂ ಮೊದಲಿನಂತೆಯೇ. ಬಟ್ಟೆ ನಡುವೆ ಬಂದರೆ ಮಾತ್ರ ಮಾತು. ಮೊದಮೊದಲು “ಬಂತಾ”, “ಎಳೀರಿ” ಅಷ್ಟೇ. ಆಮೇಲೆ “ಬೆನ್ನು ನೋಯ್ತದಾ?” ಬಂತು. “ಹೊದ್ಕೆ ತಂದೆ, ಕೆಳ್ಗೆ ಹಾಸ್ಕಳ್ಳಿ” ಬಂತು. ಒಂದು ದಿನ ಅಪ್ಪ ಏನೋ ಹೇಳಿದ್ದಕ್ಕೆ ಆಯಿ ಫಕ್ಕನೆ ನಕ್ಕಳು. ಏನು ಹೇಳಿದ ಎಂದು ನಾನೆಷ್ಟು ಕೇಳಿದರೂ ಇಬ್ಬರೂ ಬಾಯಿ ಬಿಡಲಿಲ್ಲ. ಹದಿಮೂರು ಪಕ್ಕೆಲುಬು, ಒಂದೊಂದಕ್ಕೆ ಇಪ್ಪತ್ತಕ್ಕೂ ಹೆಚ್ಚು ಗಂಟು. ಬೇಗ ಮುಗಿಯದಿರಲಿ ಎಂದು ನಾನು ಕಂಡ ದೇವರಿಗೆಲ್ಲ ಬೇಡಿಕೊಂಡೆ. ಆಯಿಯ ಕೈ ನಿಲ್ಲುವುದಲ್ಲ, ಮುಗಿಯುತ್ತಾ ಬಂತು.

ಕೊನೆಯ ಪಕ್ಕೆಲುಬಿನ ದಿನ ಮಳೆ ಬಿಟ್ಟಿತ್ತು. ಎಷ್ಟೋ ದಿನಗಳ ಮೇಲೆ ಬಿಸಿಲು. ಥಂಡಿಗಾಳಿಯಲ್ಲಿ ಬಳಿದರೆ ಡೋಪು ಬೂದಿ ಬಿದ್ದ ಹಾಗೆ ಬೆಳ್ಳಗಾಗುತ್ತದೆ, ಅದಕ್ಕೇ ಅಪ್ಪ ಬಿಸಿಲಿಗೆ ಕಾಯುತ್ತಿದ್ದ. ಡಬ್ಬಿಯ ಬಾಯಿ ತೆಗೆದು ಕಲಕಿಟ್ಟಿದ್ದ. ಆ ವಾಸನೆ ಉಗ್ರಾಣದ ತುಂಬ. ಮಳೆಯ ಸದ್ದಿಲ್ಲದೆ ಒಳಗೆ ದಾರ ಬಟ್ಟೆಯನ್ನು ಹಾಯುವ ಸರ್ ಸದ್ದೂ ಕೇಳುತ್ತಿತ್ತು. ಇನ್ನು ಮೂರೋ ನಾಲ್ಕೋ ಗಂಟು ಇರುವಾಗ ಆಯಿ ಕೈ ನಿಲ್ಲಿಸಿದಳು.

“ಒಂದ್ ಕೇಳ್ತೆ,” ಎಂದಳು, ಬಟ್ಟೆಗೆ.

“ಕೇಳು.”

“ಅಮ್ಮ ಬಂದವ್ಳೆ ಅಂತ ತಂತಿ ಬಂದಾಗ ನೀವು ಇಂಥಾದ್ದೇ ರೆಕ್ಕೆ ಹೊಲೀತಾ ಇದ್ರಾ?”

ನಾನು ಆನಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಆಯಿಯ ಮುಖದಲ್ಲಿ ಸಿಟ್ಟಿರಲಿಲ್ಲ. ಅವಳಿಗೆ ತಿಳಿಯಬೇಕಿತ್ತು, ಅಷ್ಟೇ. ಈ ಮೂರು ವಾರ ಆಚೆಯಿಂದ ಬಂದ ದನಿಯ ಮನುಷ್ಯ ಅಂಥದ್ದು ಹೇಗೆ ಮಾಡಿದ ಎಂದು ಅವಳಿಗೆ ಹೊಂದಿಕೆಯಾಗುತ್ತಿರಲಿಲ್ಲ.

ಅಪ್ಪ ನನ್ನ ಕಡೆ ನೋಡಿದ. ಅವನ ಗಡ್ಡ ನಡುಗುತ್ತಿತ್ತು, ಕಣ್ಣಲ್ಲಿ ನೀರು ತುಂಬಿ ಕೆನ್ನೆಗೆ ಇಳಿಯುತ್ತಿತ್ತು. ಆ ಮುಖವನ್ನು ಒಮ್ಮೆ ನೋಡಿದ್ದರೆ ಆಯಿಗೆ ಎಲ್ಲ ಗೊತ್ತಾಗಿಬಿಡುತ್ತಿತ್ತು. ಅಪ್ಪ ಬೆರಳು ತುಟಿಯ ಮೇಲಿಟ್ಟು ನನಗೆ ಸುಮ್ಮನಿರೆಂದ. ಆಮೇಲೆ ದನಿ ಮಾತ್ರ ಸರಿಮಾಡಿಕೊಂಡ.

“ಆ ತಂತಿ ನಂಗೆ ಮುಟ್ಲೇ ಇಲ್ಲ.”

“ಎಂತಾ?”

“ಮುಟ್ಲಿಲ್ಲ ಮಾರಾಯ್ತಿ. ಯುದ್ಧ ಅಲ್ವಾ, ಎಲ್ಲಿ ಬಿತ್ತೋ. ಎರಡ್ನೇದೇ ಬಂದದ್ದು.”

ಆಯಿ ಹಣೆಯನ್ನು ರೆಕ್ಕೆಯ ಬಟ್ಟೆಗೆ ಒತ್ತಿಕೊಂಡಳು. ಭುಜ ಕುಲುಕುತ್ತಿದ್ದವು. ಎಷ್ಟೋ ಹೊತ್ತಿನ ಮೇಲೆ “ಇಷ್ಟ್ ವರ್ಷ ಯಾಕೆ ಹೇಳ್ಲಿಲ್ಲ?” ಎಂದಳು.

“ನೀ ಕೇಳ್ಲೇ ಇಲ್ಲ,” ಎಂದ ಅಪ್ಪ. ಆ ದಿನ ಅವನು ಹೇಳಿದ್ದರಲ್ಲಿ ನಿಜವಾದದ್ದು ಅದೊಂದೇ.

ಆಯಿ ಮುಖ ಒರೆಸಿಕೊಂಡಳು. ತಂತಿ ಇಲಾಖೆಯವರ ಏಳು ತಲೆಮಾರಿಗೆ ಶಾಪ ಹಾಕಿದಳು. ಆಮೇಲೆ “ಸೂಜಿ ದೂಡಿ, ಬಿಸ್ಲು ಹೋಗೂಕಾಯ್ತು” ಎಂದಳು. ಸಂಜೆ ಬಸ್ಸಿನಲ್ಲಿ ಆಯಿ ಮೊದಲ ಸಲ ಅಪ್ಪನ ಪಕ್ಕದ ಸೀಟಿನಲ್ಲಿ ಕೂತಳು. ನಾನು ಹಿಂದೆ ಕೂತೆ. ಮರುದಿನ ಬೆಳಿಗ್ಗೆ ಬಚ್ಚಲೊಲೆಗೆ ಉರಿ ಹಾಕುವಾಗ ಅಪ್ಪ ಆ ತಂತಿ ಕಾಗದವನ್ನು ಒಲೆಗಿಟ್ಟ. ನಾನು ತೆಂಗಿನ ಸಿಪ್ಪೆ ಮುಂದೆ ದೂಡಿದೆ.

ಆ ವಿಮಾನ ಸ್ವಾತಂತ್ರ್ಯದ ದಿನ ಅಂಗಳದಲ್ಲಿ ನಿಂತಿತು. ಕೆಲವು ಮಳೆಗಾಲ ಕಳೆದ ಮೇಲೆ ಎಲ್ಲಿಗೋ ಸಾಗಿಸಿದರು, ನನಗೆ ಗೊತ್ತಿಲ್ಲ. ಅಪ್ಪ ಆಮೇಲೆ ಹನ್ನೊಂದು ವರ್ಷ ಬದುಕಿದ. ಆ ಹನ್ನೊಂದು ವರ್ಷ ಅವರಿಬ್ಬರೂ ಬಾಕಿ ಇಟ್ಟಿದ್ದ ಮಾತನ್ನೆಲ್ಲ ಆಡಿದರು. ಮದುವೆಯಾಗಿ ಕಾರವಾರಕ್ಕೆ ಬಂದ ನಾನು ಊರಿಗೆ ಹೋದಾಗ, ಬೇಲಿಯ ಹತ್ತಿರ ಬರುವಾಗಲೇ ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೆ ಇಬ್ಬರೂ ಜಗಳ ತೆಗೆದದ್ದು ಕೇಳಿಸುತ್ತಿತ್ತು. ಒಳಗೆ ಹೋಗದೆ ತುಸು ಹೊತ್ತು ಅಲ್ಲೇ ನಿಂತು ಕೇಳುತ್ತಿದ್ದೆ. ಈಗ ಯಾರ ಮನೆಯಲ್ಲಾದರೂ ಗಂಡ ಹೆಂಡತಿ ಉಪ್ಪಿಗೆ ಕಚ್ಚಾಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಅಪ್ಪ ಹೋದ ಮೇಲೆ ಆಯಿ ನನ್ನ ಜೊತೆ ಇದ್ದಳು. ಹೋದ ವರ್ಷ ಅವಳೂ ಹೋದಳು, ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದೆ. ಕೊನೆಯ ತಿಂಗಳಲ್ಲಿ ಅವಳಿಗೆ ಮಂಜುವಿನದೇ ಧ್ಯಾನ. ಮಾತೂ ಕಮ್ಮಿಯಾಗಿತ್ತು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ಹಿಡಿದು ನಿಲ್ಲಿಸಿದಳು.

“ಮಂಜು ಅಲ್ಲಿ ಸಿಟ್ಟು ಮಾಡ್ಕಂಡಿದ್ದನೇನೋ, ಅಪ್ಪ ಬರ್ಲಿಲ್ಲ ಅಂತ,” ಎಂದಳು. “ಇವ್ರು ಹೋಗಿ ಹೇಳಿರ್ತಾರೆ, ಅಲ್ವಾ ತಂಗಿ? ತಂತಿ ಮುಟ್ಲಿಲ್ಲ, ಮುಟ್ಟಿದ್ರೆ ಓಡಿ ಬತ್ತಿದ್ದೆ ಅಂತ?”

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಡುವೆ ಬಟ್ಟೆಯಿರಲಿಲ್ಲ.

“ಹೇಳಿರ್ತಾನೆ ಆಯಿ,” ಎಂದೆ.